ಎವಿಯಾನ್: ಒಂದು ಸರೋವರ, ಎರಡು ಸಭೆ, ಒಂದು ಖಾಲಿ ಕುರ್ಚಿ

ಮಾಲ್‌ನಲ್ಲೋ ಏರ್‌ಪೋರ್ಟ್‌ನಲ್ಲೋ 'ಎವಿಯಾನ್' ಅಂತ ಹೆಸರಿರೋ ದುಬಾರಿ ನೀರಿನ ಬಾಟಲಿ ನೋಡಿರ್ತೀರಿ. ಬೆಲೆ ನೋಡಿ ಹಾಗೇ ವಾಪಸ್ ಇಟ್ಟಿರಲೂಬಹುದು. ಆ ಹೆಸರಿನ ಊರೇ ಒಂದಿದೆ. ಇವತ್ತು ಅಲ್ಲಿಗೆ ಹೋಗಿ ಬರೋಣ.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ದೋಣಿ ಹತ್ತಿದರೆ ಸುಮಾರು ಅರ್ಧ ಗಂಟೆಯ ದಾರಿ. ನಾವು ಜಿನೀವಾ ಸರೋವರ ಅಂತೀವಲ್ಲ, ಅಲ್ಲಿನವರು ಅದನ್ನು ಲೆಮಾನ್ ಅಂತಾರೆ. ಉತ್ತರದ ದಡ ಸ್ವಿಟ್ಜರ್ಲೆಂಡ್, ದಕ್ಷಿಣದ ದಡದ ಬಹುಭಾಗ ಫ್ರಾನ್ಸ್. ದೋಣಿ ಫ್ರಾನ್ಸ್ ಕಡೆಗೆ ಹತ್ತಿರವಾದಂತೆ ನೀರಿನಂಚಿನಲ್ಲಿ ಕ್ಯಾಸಿನೊ, ಹಳೇ ಸ್ನಾನಗೃಹ, ಮೇಲೆ ಇಳಿಜಾರಿನಲ್ಲಿ ಬಿಳಿ ಬಣ್ಣದ ದೊಡ್ಡ ಹೋಟೆಲ್, ಅದರ ಹಿಂದೆ ಆಲ್ಪ್ಸ್. ಇದೇ ಎವಿಯಾನ್.

ಈ ಊರಿನ ಭಾಗ್ಯ ತೆರೆದದ್ದು ಒಂದು ಕಿಡ್ನಿ ಸ್ಟೋನ್‌ನಿಂದ ಅಂತಾರೆ! 1789ರ ಸುಮಾರಿಗೆ ಒಬ್ಬ ಶ್ರೀಮಂತರು ಇಲ್ಲಿ ಕಶಾ ಎಂಬುವವರ ತೋಟದ ಚಿಲುಮೆಯ ನೀರು ಕುಡಿದು ಗುಣವಾದರಂತೆ. ಸುದ್ದಿ ಹಬ್ಬಿತು, ವೈದ್ಯರು ನೀರನ್ನೇ ಔಷಧಿಯಾಗಿ ಬರೆದುಕೊಟ್ಟರು, ಜನ ಬಂದರು. ಆಗ ಈ ಪ್ರದೇಶ ಫ್ರಾನ್ಸಿನದ್ದೂ ಆಗಿರಲಿಲ್ಲ. ಸವೊಯ್ ಸೀಮೆ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಆಮೇಲೆ ಹೋಟೆಲ್‌ಗಳು ಎದ್ದವು. 1909ರಲ್ಲಿ ಬೆಟ್ಟದ ಮೇಲೆ ಹೋಟೆಲ್ ರಾಯಲ್ ಬಾಗಿಲು ತೆರೆಯಿತು. ಕಾಯಿಲೆ ಗುಣಪಡಿಸಿಕೊಳ್ಳೋಕೆ, ಚಿಂತೆ ಮರೆಯೋಕೆ ಅಂತಲೇ ಕಟ್ಟಿದ ಊರು ಇದು.

ಇಂಥ ಊರಿಗೆ 1938ರ ಜುಲೈನಲ್ಲಿ 32 ದೇಶಗಳ ಪ್ರತಿನಿಧಿಗಳು ಬಂದರು. ಆದರೆ ಬಂದದ್ದು ರಜೆಗಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ್ದ. ಜರ್ಮನಿ, ಆಸ್ಟ್ರಿಯಾಗಳ ಲಕ್ಷಾಂತರ ಯಹೂದಿಗಳು ಹೇಗಾದರೂ ದೇಶ ಬಿಟ್ಟು ಹೋಗಬೇಕಿತ್ತು. ಹೋಗೋದೆಲ್ಲಿಗೆ? ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಭೆ ಕರೆದರು. ಸಭೆಗೆ ಜಾಗ ಕೊಡೋಕೆ ಸ್ವಿಟ್ಜರ್ಲೆಂಡ್ ಒಪ್ಪಲಿಲ್ಲ, ಹಾಗಾಗಿ ಸರೋವರದ ಈಚೆ ದಡಕ್ಕೆ, ಹೋಟೆಲ್ ರಾಯಲ್‌ಗೆ ಬಂತು. ಆಹ್ವಾನದಲ್ಲೇ ಒಂದು ಭರವಸೆಯಿತ್ತು ನೋಡಿ: ಈಗಿರುವ ಕಾನೂನು ಮೀರಿ ನಿರಾಶ್ರಿತರನ್ನು ತೆಗೆದುಕೊಳ್ಳಿ ಅಂತ ಯಾವ ದೇಶವನ್ನೂ ಕೇಳೋದಿಲ್ಲ! ಅಂದ್ರೆ ಬಾಗಿಲು ತೆರೆಸಬೇಕಾದ ಸಭೆ, ಬಾಗಿಲು ಮುಚ್ಚಿಟ್ಟುಕೊಳ್ಳಬಹುದು ಅನ್ನೋ ಷರತ್ತಿನಿಂದಲೇ ಶುರುವಾಯಿತು.

ಜುಲೈ 6ರಿಂದ 15ರವರೆಗೆ ಮಾತು ನಡೆಯಿತು. ಒಬ್ಬೊಬ್ಬರೇ ಎದ್ದು ಕನಿಕರ ತೋರಿಸಿದರು, ಆಮೇಲೆ 'ಆದರೆ' ಅಂದರು. ನಮ್ಮಲ್ಲಿ ನಿರುದ್ಯೋಗ ಇದೆ, ನಮಗೆ ರೈತರು ಮಾತ್ರ ಸಾಕು, ನಮ್ಮಲ್ಲಿ ಈಗಾಗಲೇ ತುಂಬಾ ಜನ ಇದ್ದಾರೆ. ಆಸ್ಟ್ರೇಲಿಯಾದ ಪ್ರತಿನಿಧಿಯಂತೂ, ನಮ್ಮಲ್ಲಿ ಜನಾಂಗೀಯ ಸಮಸ್ಯೆ ಇಲ್ಲ, ಅದನ್ನು ಹೊರಗಿಂದ ತಂದುಕೊಳ್ಳೋ ಆಸೆಯೂ ಇಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಅಮೆರಿಕ ಹೇಳಿದ್ದು ಹಳೇ ಕೋಟಾವನ್ನೇ: ಜರ್ಮನಿ, ಆಸ್ಟ್ರಿಯಾ ಎರಡೂ ಸೇರಿ ವರ್ಷಕ್ಕೆ 27,370 ಮಂದಿ. ದೊಡ್ಡ ಸಂಖ್ಯೆ ಹೇಳಿದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ. ಒಂದು ಲಕ್ಷ ಜನರವರೆಗೆ ಬರಲಿ ಅಂದಿತು. ಅಲ್ಲಿನ ಸರ್ವಾಧಿಕಾರಿ ಟ್ರುಹಿಯೊ ಹಿಂದಿನ ವರ್ಷವಷ್ಟೇ ಸಾವಿರಾರು ಹೈಟಿ ಜನರನ್ನು ಕೊಲ್ಲಿಸಿದ್ದ, ಹೆಸರು ತೊಳೆದುಕೊಳ್ಳಬೇಕಿತ್ತು. ಕೊನೆಗೆ ಅಲ್ಲಿ ನೆಲೆ ಕಂಡದ್ದು ಕೆಲವು ನೂರು ಮಂದಿ ಮಾತ್ರ.

ಯಾರ ಜೀವದ ಪ್ರಶ್ನೆಯೋ ಅವರಿಗೆ ಆ ಮೇಜಿನ ಮುಂದೆ ಕುರ್ಚಿಯೇ ಇರಲಿಲ್ಲ. ಯಹೂದಿ ಸಂಘಟನೆಗಳವರಿಗೆ ಉಪಸಮಿತಿಯೊಂದರ ಮುಂದೆ ಕೆಲವೇ ನಿಮಿಷ ಸಿಕ್ಕಿತು. ಮುಂದೆ ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೆಯಿರ್ ಕೂಡ ಅಲ್ಲಿದ್ದರು, ಆದರೆ ವೀಕ್ಷಕಿಯಾಗಿ ಮಾತ್ರ. ಕಿಟಕಿಯಾಚೆ ಸರೋವರ, ಹತ್ತಿರದಲ್ಲೇ ಗಾಲ್ಫ್, ಕ್ಯಾಸಿನೊ. ಸಭೆ ಒಂದು ಸಮಿತಿ ಮಾಡಿ ಮುಗಿಯಿತು. ನಾಲ್ಕು ತಿಂಗಳಿಗೆ, ನವೆಂಬರ್ 9ರ ರಾತ್ರಿ ಜರ್ಮನಿಯುದ್ದಕ್ಕೂ ಯಹೂದಿಗಳ ಮಂದಿರ, ಅಂಗಡಿಗಳು ಉರಿದವು. ಮುಂದಿನದ್ದು ನಿಮಗೇ ಗೊತ್ತು.

ಇಲ್ಲಿಗೇ ಕಥೆ ಮುಗಿದಿದ್ದರೆ ಎವಿಯಾನ್ ಅಂದರೆ ಬರೀ ನಾಚಿಕೆಯ ಹೆಸರಾಗಿ ಉಳೀತಿತ್ತು. ಆದರೆ 23 ವರ್ಷದ ನಂತರ ಇದೇ ಊರಿಗೆ ಇನ್ನೊಂದು ಸಭೆ ಬಂತು.

ಅಲ್ಜೀರಿಯಾದ ಮೇಲೆ ಫ್ರಾನ್ಸ್ 1830ರಿಂದ ಹಿಡಿತ ಸಾಧಿಸಿತ್ತು. 1954ರಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಯಿತು. 1961ರ ಹೊತ್ತಿಗೆ ಎರಡೂ ಕಡೆಯವರು ಎವಿಯಾನ್‌ನಲ್ಲಿ ಮಾತಾಡೋದು ಅಂತಾಯಿತು. ಊರಿನ ಮೇಯರ್ ಕಮಿಲ್ ಬ್ಲಾಂಕ್ ಅದಕ್ಕೆ ಸಹಕರಿಸಿದರು. ಮಾರ್ಚ್ 31ರಂದು ಅವರ ಮನೆಯ ಬಳಿ ಬಾಂಬ್ ಸಿಡಿದು ಅವರು ಸತ್ತರು. ಅಲ್ಜೀರಿಯಾವನ್ನು ಬಿಟ್ಟುಕೊಡಬಾರದು ಅಂತಿದ್ದ ಒಎಎಸ್ ಎಂಬ ರಹಸ್ಯ ಸಶಸ್ತ್ರ ಸಂಘಟನೆಯ ಕೃತ್ಯ ಅದು.

ಆದರೂ ಮೇ 20ಕ್ಕೆ ಮಾತುಕತೆ ಶುರುವಾಯಿತು. ಅಲ್ಜೀರಿಯಾದವರು ರಾತ್ರಿ ಉಳೀತಿದ್ದದ್ದು ಸ್ವಿಟ್ಜರ್ಲೆಂಡ್ ಕಡೆ. ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಗಡಿ ದಾಟಿ ಬಂದು ಫ್ರಾನ್ಸಿನವರ ಎದುರು ಕೂತು ಮಾತಾಡಿ ಹೋಗ್ತಿದ್ದರು. ಒಮ್ಮೆ ಮುರಿದುಬಿತ್ತು. ಮತ್ತೆ ಕೂತರು. 1962ರ ಮಾರ್ಚ್ 18ರಂದು ಸಹಿಯಾಯಿತು, ಮರುದಿನ ಮಧ್ಯಾಹ್ನದಿಂದ ಕದನವಿರಾಮ. ಜುಲೈನಲ್ಲಿ ಅಲ್ಜೀರಿಯಾ ಸ್ವತಂತ್ರ. ರಕ್ತ ಹರಿಯೋದು ಅಲ್ಲಿಗೇ ನಿಂತಿತು ಅಂತಲ್ಲ. ಸಹಿಯಾದ ಮೇಲೂ ಕೊಲೆಗಳಾದವು. ಫ್ರಾನ್ಸ್ ಪರ ಹೋರಾಡಿದ್ದ ಅಲ್ಜೀರಿಯನ್ನರು ಸೇಡಿಗೆ ಬಲಿಯಾದರು, ಲಕ್ಷಾಂತರ ಯುರೋಪಿಯನ್ನರು ಹುಟ್ಟೂರು ಬಿಟ್ಟರು. ಆದರೆ ಏಳು ವರ್ಷ ದಾಟಿದ ಯುದ್ಧಕ್ಕೆ ಅಂತ್ಯ ಬರೆದದ್ದು ಇಲ್ಲೇ.

ಊರು ಅದೇ, ಸರೋವರವೂ ಅದೇ. ಹಾಗಾದ್ರೆ ವ್ಯತ್ಯಾಸ ಎಲ್ಲಿ? ಕಾಲ ಬೇರೆ, ಸಮಸ್ಯೆ ಬೇರೆ, ಹೌದು. ಆದರೆ ಕುರ್ಚಿಗಳನ್ನು ನೋಡಿ. 1938ರಲ್ಲಿ ಸಂಕಟದಲ್ಲಿದ್ದವರ ಬಗ್ಗೆ ಬೇರೆಯವರು ಮಾತಾಡಿದರು, ಕೈ ತೊಳೆದುಕೊಂಡು ಎದ್ದು ಹೋಗೋದು ಸುಲಭವಾಯಿತು. 1962ರಲ್ಲಿ ನಾಡು ಯಾರದೋ ಅವರೇ ಎದುರು ಕೂತಿದ್ದರು. ಅವರನ್ನು ದಾಟಿ ಹೋಗೋದು ಸಾಧ್ಯವಿರಲಿಲ್ಲ.

ಈಗ ಎವಿಯಾನ್‌ಗೆ ಹೋದರೆ ಊರೊಳಗಿನ ಕಶಾ ಚಿಲುಮೆಯಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು. ಅಂಗಡಿಯಲ್ಲಿ ಅಷ್ಟು ದುಬಾರಿಯಾದ ನೀರು ಅಲ್ಲಿ ಪುಕ್ಕಟೆ! ಮಳೆ, ಹಿಮ ಕರಗಿ ಮಣ್ಣು ಮರಳಿನ ಪದರಗಳಲ್ಲಿ ಇಳಿದು ಆ ನಲ್ಲಿಗೆ ಬರೋಕೆ ಹದಿನೈದು ವರ್ಷವಾದರೂ ಬೇಕಂತೆ. ಕುಡಿದು ಒಮ್ಮೆ ತಲೆ ಎತ್ತಿ ಬೆಟ್ಟದ ಮೇಲಿನ ಆ ಬಿಳಿ ಹೋಟೆಲ್ ನೋಡಿ. ಮುಂದೆ ಯಾವತ್ತಾದರೂ ನಿರಾಶ್ರಿತರ ಬಗ್ಗೆ ದೊಡ್ಡ ಸಭೆ ಅಂತ ನಿಮ್ಮ ಫೋನಿಗೆ ನೋಟಿಫಿಕೇಶನ್ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅವರಿಗೆ ಅಲ್ಲಿ ಕುರ್ಚಿ ಇದೆಯಾ?