ಗೇಟ್ ರೆಸಿಸ್ಟರ್: ವ್ಯಾಟ್ ಆಯ್ಕೆಯ ಇತಿಹಾಸ

ಪವರ್ ಟ್ರಾನ್ಸಿಸ್ಟರಿನ ಗೇಟಿಗೂ ಅದನ್ನು ನಡೆಸುವ ಡ್ರೈವರಿಗೂ ನಡುವೆ ಬರುವ ಸಣ್ಣ ರೋಧಕವೇ ಗೇಟ್ ರೆಸಿಸ್ಟರ್. ಮನೆಯ ಯುಪಿಎಸ್, ಸೋಲಾರ್ ಪಂಪಿನ ಡ್ರೈವ್, ವಿದ್ಯುತ್ ರೈಲಿನ ಕನ್ವರ್ಟರ್ ಎಲ್ಲದರಲ್ಲೂ ಇದು ಇರುತ್ತದೆ. ಟ್ರಾನ್ಸಿಸ್ಟರ್ ಎಷ್ಟು ಬೇಗ ಆನ್ ಆಗಿ ಆಫ್ ಆಗಬೇಕು ಎಂಬುದು ಇದರ ಓಮ್ ಮೌಲ್ಯಕ್ಕೆ ಬಿಟ್ಟದ್ದು. ಎಷ್ಟು ವ್ಯಾಟಿನದನ್ನು ಹಾಕಬೇಕು ಎಂಬ ಲೆಕ್ಕ ಬೇರೆ. ಅರ್ಧ ಶತಮಾನದಲ್ಲಿ ಈ ಲೆಕ್ಕ ಎರಡು ಬಾರಿ ತಲೆಕೆಳಗಾಗಿದೆ.

ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಇಂದಿನ ಮಂಡ್ಯ ಜಿಲ್ಲೆಗೆ ವಿದ್ಯುತ್ತಿನ ನಂಟು ಅಷ್ಟು ಹಳೆಯದು. ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವ ಕೆಲಸ ಮಾತ್ರ ಟ್ರಾನ್ಸಿಸ್ಟರಿಗಾಗಿ ಕಾಯಬೇಕಾಯಿತು. ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲಿ ಹುಟ್ಟಿದ ಈ ಸಾಧನ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗತೊಡಗಿದ್ದು 1962ರಲ್ಲಿ, ಜರ್ಮೇನಿಯಂ ರೂಪದಲ್ಲಿ.

ಆಗಿನ ಬೈಪೋಲಾರ್ ಟ್ರಾನ್ಸಿಸ್ಟರಿಗೆ ಗೇಟ್ ಇರಲಿಲ್ಲ, ಬೇಸ್ ಇತ್ತು. ಆನ್ ಇರುವಷ್ಟು ಹೊತ್ತೂ ಅದು ಕರೆಂಟು ಎಳೆಯುತ್ತಲೇ ಇರಬೇಕು. ಹಳೆಯ ಇನ್ವರ್ಟರುಗಳ ಎರಡು ಕಣ್ಣಿನ ಲೋಹದ ಟ್ರಾನ್ಸಿಸ್ಟರ್ 2ಎನ್3055ನ್ನೇ ನೋಡಿ. 10 ಆಂಪಿಯರ್ ಹೊರುವಾಗ ಅದರ ವರ್ಧನೆ 5ಕ್ಕೆ ಇಳಿಯಬಹುದು, ಆಗ ಬೇಸಿಗೇ 2 ಆಂಪಿಯರ್ ಬೇಕು. 12 ವೋಲ್ಟಿನ ಬ್ಯಾಟರಿಯಿಂದ ಅದನ್ನು ಕೊಟ್ಟರೆ ಬೇಸ್ ರೆಸಿಸ್ಟರಿನ ಮೇಲೆ 10 ವೋಲ್ಟಿನಷ್ಟು ಬಿದ್ದು 20 ವ್ಯಾಟ್ ಶಾಖವಾಗುತ್ತದೆ. ಸಿಮೆಂಟ್ ಹೊದಿಕೆಯ ದಪ್ಪ ವೈರ್‌ವೌಂಡ್ ರೆಸಿಸ್ಟರುಗಳು ಆ ಬೋರ್ಡುಗಳಲ್ಲಿ ತುಂಬಿರುತ್ತಿದ್ದುದು ಇದಕ್ಕೇ. ಲೆಕ್ಕವೇನೋ ಸುಲಭ: ಕರೆಂಟಿನ ವರ್ಗವನ್ನು ಓಮಿನಿಂದ ಗುಣಿಸಿದರೆ ಮುಗಿಯಿತು.

ಮಹಮದ್ ಅಟಾಲ ಮತ್ತು ಡಾವೋನ್ ಕಾಂಗ್ 1959ರಲ್ಲಿ ರೂಪಿಸಿದ ಮಾಸ್‌ಫೆಟ್ ಈ ಲೆಕ್ಕವನ್ನು ಮೂಲೆಗೆ ತಳ್ಳಿತು. ಅದರ ಗೇಟು ಆಕ್ಸೈಡ್ ಪದರದ ಮೇಲಿದ್ದು ಕೆಪಾಸಿಟರಿನಂತೆ ವರ್ತಿಸುತ್ತದೆ. ಒಮ್ಮೆ ತುಂಬಿದ ಮೇಲೆ ಕರೆಂಟು ಬೇಡ. ದೊಡ್ಡ ಕರೆಂಟಿನ ಮಾಸ್‌ಫೆಟ್‌ಗಳು 1970ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದಾಗ ಗೇಟಿಗೆ ಶಕ್ತಿಯೇ ಬೇಡ ಎಂಬ ಮಾತು ಹಬ್ಬಿತು. ಅರ್ಧ ನಿಜ, ಅಷ್ಟೆ. ಕೆಪಾಸಿಟರನ್ನು ಪ್ರತಿ ಸಲ ತುಂಬಿ ಖಾಲಿ ಮಾಡಿದಾಗಲೂ ಡ್ರೈವರಿನಿಂದ ಎಳೆದ ಶಕ್ತಿಯೆಲ್ಲ ದಾರಿಯ ರೋಧದಲ್ಲೇ ಬಿಸಿಯಾಗಿ ಹೋಗುತ್ತದೆ: ಅರ್ಧ ತುಂಬುವಾಗ, ಅರ್ಧ ಖಾಲಿಯಾಗುವಾಗ. ರೋಧ 5 ಓಮ್ ಇರಲಿ, 50 ಓಮ್ ಇರಲಿ, ಗೇಟು ಪೂರ್ತಿ ತುಂಬಿ ಪೂರ್ತಿ ಬರಿದಾಗುವವರೆಗೆ ಒಟ್ಟು ನಷ್ಟ ಬದಲಾಗದು. ಗೇಟ್ ಚಾರ್ಜನ್ನು ವೋಲ್ಟೇಜಿನ ಏರಿಳಿತದಿಂದಲೂ ಸೆಕೆಂಡಿನ ಆವೃತ್ತಿಯಿಂದಲೂ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಓಮ್ ನೋಡಿ ವ್ಯಾಟ್ ಊಹಿಸುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ.

12 ವೋಲ್ಟಿನ ಯುಪಿಎಸ್‌ಗಳಲ್ಲಿ ಸಾಲಾಗಿ ಕೂರುವ ಐಆರ್‌ಎಫ್3205 ಮಾಸ್‌ಫೆಟ್ಟಿನ ಗೇಟ್ ಚಾರ್ಜ್ ಗರಿಷ್ಠ 146 ನ್ಯಾನೊಕೂಲಂಬ್. 10 ವೋಲ್ಟ್, 20 ಕಿಲೋಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ ಬರುವುದು 29 ಮಿಲಿವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳವಾಯಿತು.

ಎರಡನೆಯ ತಿರುವಿಗೆ ಕಾರಣ ಐಜಿಬಿಟಿ. ಇದರ ಹಿಂದಿರುವ ಬಿ. ಜಯಂತ್ ಬಾಳಿಗ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದು ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು. ಮದ್ರಾಸ್ ಐಐಟಿಯಿಂದ 1969ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದ ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ಮಾಸ್‌ಫೆಟ್ಟಿನ ಗೇಟನ್ನೂ ಬೈಪೋಲಾರಿನ ಕರೆಂಟು ಹೊರುವ ಶಕ್ತಿಯನ್ನೂ ಒಂದೇ ಸಿಲಿಕಾನ್ ತುಂಡಿನಲ್ಲಿ ಕೂಡಿಸಿದರು. ಸಾಧನದ ವಿವರ 1982ರಲ್ಲಿ ಪ್ರಕಟವಾಯಿತು. 2014ರಲ್ಲಿ ಐಇಇಇ ಗೌರವ ಪದಕ, 2024ರಲ್ಲಿ ಫಿನ್ಲೆಂಡಿನ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದವು.

ಐಜಿಬಿಟಿ ಮಾಡ್ಯೂಲುಗಳು ದೊಡ್ಡದಾದಂತೆ ಗೇಟ್ ಚಾರ್ಜೂ ಬೆಳೆಯಿತು. ವಿದ್ಯುತ್ ಗದ್ದಲದಿಂದ (ನಾಯ್ಸ್) ತಾನಾಗಿ ಆನ್ ಆಗದಿರಲೆಂದು ಗೇಟನ್ನು ಸೊನ್ನೆಗಿಂತ ಕೆಳಗೆ ಎಳೆಯುವ ರೂಢಿ ಬಂದು ವೋಲ್ಟೇಜಿನ ಏರಿಳಿತ 30ಕ್ಕೆ ಮುಟ್ಟಿತು. 5 ಮೈಕ್ರೊಕೂಲಂಬಿನ ಮಾಡ್ಯೂಲನ್ನು 10 ಕಿಲೋಹರ್ಟ್ಸ್‌ನಲ್ಲಿ ನಡೆಸಿದರೆ ಒಟ್ಟು ನಷ್ಟ 1.5 ವ್ಯಾಟ್. ಮಾಡ್ಯೂಲಿನ ಒಳಗೆ 1 ಓಮ್, ಹೊರಗೆ 4 ಓಮ್ ಇದ್ದರೆ ಹೊರಗಿನದರ ಪಾಲು 1.2 ವ್ಯಾಟ್. ಓಮ್ ಕೆಲಸಕ್ಕೆ ಬರುವುದು ಈ ಹಂಚಿಕೆಯಲ್ಲಿ. ಮುಚ್ಚಿದ ಪೆಟ್ಟಿಗೆಯೊಳಗಿನ ಬಿಸಿಗೆ ಇನ್ನಷ್ಟು ಅಂತರ ಬಿಟ್ಟು 3 ವ್ಯಾಟಿನದನ್ನು ಹಾಕುವುದು ತಕ್ಕದ್ದು. ಶ್ರೀರಂಗಪಟ್ಟಣ, ಪಾಂಡವಪುರ ನಿಲ್ದಾಣಗಳನ್ನು ದಾಟುವ ರೈಲಿನ ಎಂಜಿನ್ನಿನಂಥ ಕಡೆ ಮಾಡ್ಯೂಲು ಇನ್ನೂ ದೊಡ್ಡದು, ಆದರೆ ಸ್ವಿಚಿಂಗ್ ಕೆಲವೇ ನೂರು ಹರ್ಟ್ಸ್. ಹಾಗಾಗಿ ಗಾತ್ರ ನೋಡಿ ಹೆದರಬೇಕಾಗಿಲ್ಲ: 40 ಮೈಕ್ರೊಕೂಲಂಬನ್ನು ಸೆಕೆಂಡಿಗೆ 500 ಬಾರಿ ತುಂಬಿದರೂ ನಷ್ಟ 0.6 ವ್ಯಾಟ್ ಮಾತ್ರ.

ಸರಾಸರಿ ವ್ಯಾಟ್ ಹೊಂದಿದರೆ ಸಾಲದು. ಮೇಲಿನ 5 ಓಮಿನ ದಾರಿಯಲ್ಲಿ 30 ವೋಲ್ಟ್ ಬಿದ್ದ ಗಳಿಗೆಗೆ 6 ಆಂಪಿಯರ್ ನುಗ್ಗುತ್ತದೆ. ಹೊರಗಿನ 4 ಓಮ್ ಆ ಕ್ಷಣಕ್ಕೆ 144 ವ್ಯಾಟ್ ತಾಳಬೇಕು. ತೆಳು ಪದರದ ಅಗ್ಗದ ರೆಸಿಸ್ಟರ್ ಇಂಥ ಹೊಡೆತಗಳಿಗೆ ನಿಧಾನವಾಗಿ ಸವೆದು ಮೌಲ್ಯ ಬದಲಿಸುತ್ತದೆ. ಸಾಮಾನ್ಯ ವೈರ್‌ವೌಂಡ್ ಶಾಖ ತಾಳಿದರೂ ಸುರುಳಿಯಾಗಿರುವುದರಿಂದ ಗೇಟಿನಲ್ಲಿ ತುಯ್ದಾಟ ಹುಟ್ಟಿಸುತ್ತದೆ. 16 ಓಮಿನ 1 ವ್ಯಾಟ್ ಚಿಪ್‌ಗಳನ್ನು, ಪಲ್ಸ್ ತಾಳುವ ಬಗೆಯವನ್ನು, ನಾಲ್ಕು ಸಮಾಂತರವಾಗಿ ಬೆಸೆಯುವುದು ಅದಕ್ಕಿಂತ ಮೇಲು.

ಹೇಮಾವತಿ ನಾಲೆಯ ನೀರು ಹರಿಯದ ಕೃಷ್ಣರಾಜಪೇಟೆ, ನಾಗಮಂಗಲದ ಹಳ್ಳಿಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಅಲ್ಲಿ ನೀರೆತ್ತುವ 5 ಎಚ್‌ಪಿ ಪಂಪಿನ ಸೋಲಾರ್ ಡ್ರೈವಿನಲ್ಲಿ ಗೇಟ್ ಚಾರ್ಜ್ 0.2 ಮೈಕ್ರೊಕೂಲಂಬ್, ವೋಲ್ಟೇಜ್ 15, ಆವೃತ್ತಿ 8 ಕಿಲೋಹರ್ಟ್ಸ್ ಎಂದಿಟ್ಟುಕೊಂಡರೆ ನಷ್ಟ 24 ಮಿಲಿವ್ಯಾಟ್. ಅಂಥ ಬೋರ್ಡು ರಿಪೇರಿಗೆ ಬಂದಾಗ ಕೆಂಪು-ಕೆಂಪು-ಕಪ್ಪು ಪಟ್ಟೆಯ 22 ಓಮ್ ರೆಸಿಸ್ಟರ್ ಕರಕಲಾಗಿದ್ದರೆ ವ್ಯಾಟ್ ಸಾಲದೆ ಸುಟ್ಟಿತೆಂದು ತಿಳಿಯಬಾರದು. ಐಜಿಬಿಟಿ ಒಳಗೇ ಶಾರ್ಟ್ ಆಗಿ ಪವರ್ ಕಡೆಯ ವೋಲ್ಟೇಜ್ ಗೇಟಿಗೆ ಹರಿದಿರುತ್ತದೆ. ಬರೀ 12 ವೋಲ್ಟ್ ಬಿದ್ದರೂ 22 ಓಮಿನಲ್ಲಿ 6.5 ವ್ಯಾಟ್, ಪಂಪ್ ಡ್ರೈವಿನೊಳಗಿರುವುದು ನೂರಾರು ವೋಲ್ಟ್. ಅದರ ಜಾಗದಲ್ಲಿ 5 ವ್ಯಾಟಿನದನ್ನು ಬೆಸೆದು ಗಟ್ಟಿ ಮಾಡಿದೆವೆಂದುಕೊಳ್ಳುವುದು ತಪ್ಪು. ಕಾಲು ವ್ಯಾಟಿನದು ಬೇಗ ಸುಟ್ಟು ಕಡಿದುಹೋದರೆ ಹಿಂದಿನ ಡ್ರೈವರ್ ಐಸಿ ಎಷ್ಟೋ ಬಾರಿ ಉಳಿಯುತ್ತದೆ. ಕೆಲವು ತಯಾರಕರು ಬೇಕೆಂದೇ ಫ್ಯೂಸಿನಂತೆ ಕಡಿಯುವ ರೆಸಿಸ್ಟರ್ ಹಾಕುತ್ತಾರೆ. ಟ್ರಾನ್ಸಿಸ್ಟರ್ ಬದಲಿಸುವಾಗ ಆ ಸಾಲಿನ ಗೇಟ್ ರೆಸಿಸ್ಟರುಗಳನ್ನೆಲ್ಲ ಮೀಟರ್ ಹಿಡಿದು ನೋಡಿ, ಅದೇ ಓಮ್, ಅದೇ ವ್ಯಾಟ್, ಅದೇ ಬಗೆಯದನ್ನು ಹಾಕುವುದು ಸರಿಯಾದ ಕ್ರಮ.

ಈಗ ವಿದ್ಯುತ್ ವಾಹನಗಳ ಜೊತೆ ಬಂದಿರುವ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳ ಗೇಟ್ ಚಾರ್ಜ್ ಕಡಿಮೆ, ಆವೃತ್ತಿ ಹೆಚ್ಚು. ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಖರ್ಚಾಗುತ್ತದೆ. ಅವುಗಳಿಗೆ ಆನ್ ಮಾಡಲು ಒಂದು, ಆಫ್ ಮಾಡಲು ಮತ್ತೊಂದು ರೆಸಿಸ್ಟರ್ ಇಡುವುದು ರೂಢಿ. ಹಾಗೆ ಬೇರ್ಪಟ್ಟ ದಾರಿಗಳಲ್ಲಿ ಒಂದೊಂದಕ್ಕೂ ಬೀಳುವುದು ಒಟ್ಟು ನಷ್ಟದ ಅರ್ಧ.