ಅಧಿಕದಾಗ ಹುಟ್ಟಿದಾಕಿ

ನಮ್ಮ ಅವ್ವನ ಶಾಲೆಯ ದಾಖಲೆಯಲ್ಲಿ ಜನ್ಮದಿನಾಂಕ 29-2-1947 ಎಂದಿತ್ತು. ಐವತ್ತು ವರ್ಷ ಅದನ್ನು ಯಾರೂ ಕಣ್ಣಿಟ್ಟು ನೋಡಿರಲಿಲ್ಲ. 2003ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆಂದು ಕಾಗದಪತ್ರ ಒಯ್ದಾಗ ಕಚೇರಿಯ ಗುಮಾಸ್ತರು ಅದರ ಮೇಲೆ ಬೆರಳಿಟ್ಟರು. "ಅಕ್ಕಾರ, ಈ ತಾರೀಖು ಕ್ಯಾಲೆಂಡರಿನಾಗ ಇಲ್ಲ. ವಯಸ್ಸಿನ ಪುರಾವೆ ಸರಿ ಮಾಡಿಸಿಕೊಂಡು ಬರ್ರಿ" ಎಂದು ಇಡೀ ಕಟ್ಟನ್ನು ನನ್ನ ಕಡೆ ಸರಿಸಿಬಿಟ್ಟರು.

ಬೆಟಗೇರಿಯ ಮನೆಗೆ ಬರುವಷ್ಟರಲ್ಲಿ ನನಗೆ ಅಳು ಬಂದಿತ್ತು. ಅವ್ವ ಮಾತ್ರ, "ಅಂದ್ರ ನಾ ಹುಟ್ಟೇ ಇಲ್ಲೇನು?" ಎಂದು ನಕ್ಕಳು. ನಗು ಬೇಗ ನಿಂತಿತು. ಮನೆ ನಡೆಯುವುದೇ ಆ ಪಿಂಚಣಿಯ ಮೇಲಿತ್ತು.

ಅಂದು ರಾತ್ರಿ ಮಗಳ ಗಣಿತದ ಪುಸ್ತಕ ಹಿಡಿದು ಕೂತೆ. ಇಸವಿಯನ್ನು ನಾಲ್ಕರಿಂದ ಭಾಗಿಸಬೇಕು. ಶೇಷ ಉಳಿಯದಿದ್ದರೆ ಅದು ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಕೊನೆಯ ಎರಡು ಅಂಕಿ ನೋಡಿದರೂ ಸಾಕು. 47ನ್ನು ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಗುಮಾಸ್ತರು ಹೇಳಿದ್ದು ಸರಿಯೇ ಇತ್ತು.

ಈ ಲೆಕ್ಕ ಏಕೆ ಬಂತೆಂದರೆ, ವರ್ಷವೆನ್ನುವುದು ಸರಿಯಾಗಿ 365 ದಿನವಲ್ಲ. ಮೇಲೆ 5 ಗಂಟೆ 48 ನಿಮಿಷ 46 ಸೆಕೆಂಡು ಉಳಿಯುತ್ತದೆ. ರೋಮಿನ ಜೂಲಿಯಸ್ ಸೀಸರ್ ಅದನ್ನು ಆರು ಗಂಟೆಯೆಂದು ಹಿಡಿದು ನಾಲ್ಕು ವರ್ಷಕ್ಕೊಂದು ದಿನ ಸೇರಿಸಿದ. ಹಾಲಿನವಳು ದಿನಾ ಒಂದು ಚಮಚ ಹೆಚ್ಚಿಗೆ ಹಾಕಿದರೆ ಗೊತ್ತಾಗುವುದಿಲ್ಲ; ವರ್ಷದ ಕೊನೆಗೆ ಕೊಡವೇ ತುಂಬೀತು. ವರ್ಷಕ್ಕೆ ಹನ್ನೊಂದು ನಿಮಿಷ ಹೆಚ್ಚಾಗಿ, 1582ರ ಹೊತ್ತಿಗೆ ಹತ್ತು ದಿನ ತಪ್ಪಿತ್ತು. ಆ ವರ್ಷ ಪೋಪ್ ಹದಿಮೂರನೆಯ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಲು ಹೇಳಿದರು. ಇಂಗ್ಲೆಂಡು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2 ಆದ ಮೇಲೆ 14 ಬಂತು. ಮುಂದೆ ತಪ್ಪಬಾರದೆಂದು ಇನ್ನೊಂದು ಕಟ್ಟಳೆ ಮಾಡಿದರು: ಎರಡು ಸೊನ್ನೆಯಲ್ಲಿ ಮುಗಿಯುವ ಇಸವಿಯನ್ನು ನಾನೂರರಿಂದ ಭಾಗಿಸಬೇಕು. ಅದಕ್ಕೇ 1900 ಅಧಿಕ ವರ್ಷವಲ್ಲ, 2000 ಹೌದು, 2100 ಅಲ್ಲ.

ನಿಯಮ ತಿಳಿಯಿತು, ಆದರೆ ಅವ್ವನ ದಿನ ಸಿಗಲಿಲ್ಲ. ಮರುವಾರ ಅವಳ ತವರು ಮುಂಡರಗಿಗೆ ಹೋದೆ. ಸೋದರಮಾವನಿಗೆ ಎಂಬತ್ತರ ಹತ್ತಿರ. ಕೇಳಿದ ಕೂಡಲೇ, "ಆಯಿ ಹೇಳ್ತಿದ್ಲಲ್ಲವಾ, ಸರ್ವಜಿತು ಸಂವತ್ಸರ, ಅಧಿಕದಾಗ ಮಂಗಳವಾರ ಹುಟ್ಟಿದಾಕಿ. ಮೂರು ದಿನಕ್ಕ ಊರಾಗ ಝೆಂಡಾ ಹಾರಿತು" ಎಂದರು.

ನನಗೆ ಲಕ್ಷ್ಮೇಶ್ವರದ ಶಾಸನಗಳು ನೆನಪಾದವು. ಅಂದಿನ ಪುಲಿಗೆರೆ ಅದು. ಅಲ್ಲಿಯೂ ಗದಗ, ಲಕ್ಕುಂಡಿಗಳಲ್ಲಿಯೂ ಕಲ್ಲಿನ ಮೇಲೆ ಕಾಲ ಬರೆದದ್ದು ಹೀಗೇ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ ತನ್ನದೇ ಚಾಲುಕ್ಯ ವಿಕ್ರಮ ವರ್ಷ ಹೂಡಿದ. ಆ ಲೆಕ್ಕದ ಶಾಸನಗಳು ನಮ್ಮ ಸೀಮೆಯಲ್ಲಿ ಬಹಳ. ಬರೆದವನು ತಿಥಿಯ ಜೊತೆಗೆ ವಾರವನ್ನೂ ಹೇಳಿದ್ದರಿಂದಲೇ ಇಂದಿನವರು ಅದನ್ನು ಇಂಗ್ಲಿಷ್ ತಾರೀಖಿಗೆ ಕೂಡಿಸಿ, ಸರಿಯೋ ತಪ್ಪೋ ನೋಡಬಲ್ಲರು. ಅಕ್ಷರ ಬಾರದ ನಮ್ಮ ಆಯಿ ಶಾಸನದಂತೆಯೇ ಮಾತಾಡಿದ್ದಳು.

ಹಳೆಯ ಪಂಚಾಂಗ ತೆಗೆಸಿದೆವು. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಸಾಲ ಕೂಡಿ ಕೂಡಿ ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಒಂದು ಮಾಸ ಹೆಚ್ಚಾಗುತ್ತದೆ. ಹತ್ತೊಂಬತ್ತು ವರ್ಷಕ್ಕೆ ಏಳು. ಅಮಾವಾಸ್ಯೆಯಿಂದ ಅಮಾವಾಸ್ಯೆಯೊಳಗೆ ಸೂರ್ಯ ಹೊಸ ರಾಶಿಗೆ ಹೋಗದಿದ್ದರೆ ಆ ತಿಂಗಳೇ ಅಧಿಕ. 1947ರಲ್ಲಿ ಕರ್ಕ ಸಂಕ್ರಮಣವಾದ ಮೇಲೆ ಜುಲೈ 18ಕ್ಕೆ ಅಮಾವಾಸ್ಯೆ ಬಂತು. ಮುಂದಿನ ಅಮಾವಾಸ್ಯೆ ಆಗಸ್ಟ್ 16ಕ್ಕೆ. ಸಿಂಹ ಸಂಕ್ರಮಣ ಅದೂ ಮುಗಿದ ಮೇಲೆ. ನಡುವಿನದು ಅಧಿಕ ಶ್ರಾವಣ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಆ ಅಧಿಕದಲ್ಲೇ! ಆಗಸ್ಟ್ 15 ಶುಕ್ರವಾರ. ಮೂರು ದಿನ ಹಿಂದೆ, 12ನೇ ತಾರೀಖು, ಮಂಗಳವಾರ. ಆಯಿಯ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಹಾಗಾದರೆ 29 ಫೆಬ್ರವರಿ ಎಲ್ಲಿಂದ ಬಂತು? ಹೆಸರು ಹಚ್ಚುವ ದಿನ ಆಯಿ "ಅಧಿಕದಾಗ ಹುಟ್ಯಾಳ್ರಿ" ಎಂದಿರಬೇಕು. ಇಂಗ್ಲಿಷ್ ತಾರೀಖೇ ಬೇಕಾಗಿದ್ದ ಮಾಸ್ತರರು ಅಧಿಕ ಮಾಸವನ್ನು ಅಧಿಕ ದಿನ ಮಾಡಿ, ಇಸವಿ ಭಾಗಿಸದೆ ಬರೆದಿರಬೇಕು. ಇಬ್ಬರದೂ ಸುಳ್ಳಲ್ಲ, ಒಂದು ಕ್ಯಾಲೆಂಡರಿನ ಮಾತು ಇನ್ನೊಂದಕ್ಕೆ ದಾಟುವಾಗ ನಡುವೆ ಸಿಕ್ಕಿಕೊಂಡವಳು ಅವ್ವ.

ಶಿರಹಟ್ಟಿಯ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. "ನಮ್ಮಲ್ಲಿ ಆ ತ್ರಾಸ ಇಲ್ಲ ನೋಡವ್ವ. ನಾವು ಹನ್ನೊಂದು ದಿನ ಬಿಟ್ಟೇಬಿಡ್ತೀವಿ. ರಂಜಾನ್ ಛಳಿಗೂ ಬರ್ತೈತಿ, ಬ್ಯಾಸಿಗಿಗೂ ಬರ್ತೈತಿ." ಹೌದು, ಹಿಜರಿ ಲೆಕ್ಕದಲ್ಲಿ ಅಧಿಕವೇ ಇಲ್ಲ, ಸುಮಾರು ಮೂವತ್ತಮೂರು ವರ್ಷಕ್ಕೆ ಹಬ್ಬ ಎಲ್ಲ ಋತು ಸುತ್ತಿ ಬರುತ್ತದೆ. ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಊರದು. ಅಲ್ಲಿ ಮೂರು ಕ್ಯಾಲೆಂಡರುಗಳು ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ತೂಗುತ್ತವೆ.

ಕಚೇರಿ ಪಂಚಾಂಗವನ್ನು ಒಪ್ಪಲಿಲ್ಲ. ಮಾವನ ಪ್ರಮಾಣಪತ್ರ, ಡಾಕ್ಟರರ ವಯಸ್ಸಿನ ದಾಖಲೆ, ಎಂಟು ತಿಂಗಳ ಓಡಾಟ ಎಲ್ಲ ಆಗಿ ಪಿಂಚಣಿ ಬಂದದ್ದು 2004ರ ಜುಲೈ ಕೊನೆಗೆ. ಅದು 29 ಫೆಬ್ರವರಿ ಇದ್ದ ವರ್ಷ. ನಡೆದದ್ದು ಅಧಿಕ ಶ್ರಾವಣ. 1947, 1966, 1985, 2004: ಹತ್ತೊಂಬತ್ತು ವರ್ಷಕ್ಕೊಮ್ಮೆ ಅವ್ವನ ತಿಂಗಳು ಅವಳನ್ನು ಹುಡುಕಿಕೊಂಡು ಬರುತ್ತಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಮೊದಲ ಪಿಂಚಣಿಯಲ್ಲಿ ಅವ್ವ ಅಕ್ಕಿ, ಬೆಲ್ಲ, ಗಸಗಸೆ ತರಿಸಿದಳು. ಅಧಿಕದಲ್ಲಿ ಮಗಳು ಅಳಿಯನಿಗೆ ಮೂವತ್ತಮೂರು ಅನಾರಸ ಕೊಡಬೇಕಲ್ಲ! "ಇಷ್ಟರಾಗ ಯಾಕವ್ವ?" ಎಂದೆ. "ನಿಮ್ಮಪ್ಪನ ರೊಕ್ಕ, ನನ್ನ ತಿಂಗಳು" ಎಂದಳು.

2023ರಲ್ಲಿ ಅಧಿಕ ಶ್ರಾವಣ ಮತ್ತೆ ಬಂತು. ಒಲೆಯ ಮುಂದೆ ಕೂಡ್ರುವುದು ಅವಳಿಂದ ಆಗಲಿಲ್ಲ. ನಾನು ಕರಿದೆ, ಅವಳು ಎಣಿಸಿದಳು. ಮೂವತ್ತಮೂರಕ್ಕೆ ಒಂದು ಹೆಚ್ಚಾಗಿತ್ತು. ಅದನ್ನು ಮುರಿದು ಅರ್ಧ ನನ್ನ ಬಾಯಿಗಿಟ್ಟಳು.