ನಮ್ಮ ಹಳ್ಳದ ನೀರು ಯಾವಾಗ ಕೆಟ್ಟಿತು?

ಅಣ್ಣಾರೆ, ಹೋದ ವಾರ ಮಳಿ ಆದಮ್ಯಾಲ ನಮ್ಮ ಹೊಲದ ಹಳ್ಳದ ನೀರು ಒಂದು ಬಾಟಲಿಗೆ ತುಂಬಿ ಕಟ್ಟಿ ಮ್ಯಾಲ ಇಟ್ಟೆ. ನಾಕು ದಿನ ಆದ್ರೂ ತಿಳಿ ಆಗಿಲ್ಲ. ಎರಿ ಮಣ್ಣಿನ ಕಣ ಅಷ್ಟು ಸಣ್ಣ, ತಳಕ್ಕ ಕೂಡಂಗಿಲ್ಲ. ನಾ ಸಣ್ಣಾವಿದ್ದಾಗ ಇದೇ ಹಳ್ಳದ ಉಸುಕಿನಾಗ ವರ್ತಿ ತೋಡಿ ಅವ್ವ ಕೊಡ ತುಂಬತಿದ್ಳು.

ಯಾರನ್ನ ಕೇಳಿದ್ರೂ ಫ್ಯಾಕ್ಟರಿ ಕಡಿ ಕೈ ತೋರಿಸ್ತಾರ. ಅದು ಅರ್ಧ ಮಾತು.

ನಮ್ಮ ಸೀಮಿ ಕೆಳಗ ಸುಣ್ಣದ ಕಲ್ಲು ಅದ. 1871ರಲ್ಲಿ ಮುಂಬೈ–ರಾಯಚೂರು ರೈಲು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ಆಮ್ಯಾಲ ಶಹಾಬಾದ್ ಫರ್ಸಿ ದೂರ ದೂರದ ಊರಿಗೆ ಹೋಯಿತು. ನಿಜಾಮರ ಕಾಲಕ್ಕೇ ಶಹಾಬಾದಿನಾಗ ಸಿಮೆಂಟ್ ಶುರು, 1968ರಲ್ಲಿ ವಾಡಿ, 80ರ ದಶಕದಾಗ ಸೇಡಂ, ಮಳಖೇಡ. ಖಣಿ ತೋಡಿದ ಮಣ್ಣು ದಿಬ್ಬ ಆಯಿತು. ಮಳಿ ಬಂದ್ರ ದಿಬ್ಬದ ಮಣ್ಣು ಹಳ್ಳಕ್ಕ, ಹಳ್ಳದಿಂದ ಕಾಗಿಣಾಕ್ಕ, ಅಲ್ಲಿಂದ ಭೀಮಾಕ್ಕ. ಫರ್ಸಿ ಪಾಲಿಷ್ ಮಾಡಿದ ಬಿಳಿ ಕೆಸರು ಹಳ್ಳಕ್ಕ ಬಿಟ್ರ ಅದೂ ಅದೇ ಹಾದಿ ಹಿಡೀತದ.

ಇನ್ನರ್ಧ ನಮ್ಮದು. ಹಿಂದ ಹಿಂಗಾರಿ ಜೋಳದ ಹೊಲ ಮಳಿಗಾಲದಾಗ ಹರಗಿ ಖಾಲಿ ಬಿಡ್ತಿದ್ರು. ಮಣ್ಣು ಆಗ್ಲೂ ಹರೀತಿತ್ತು, ಸುಳ್ಳ್ಯಾಕ ಹೇಳ್ಬೇಕು. ಖರೆ ಹಳ್ಳದ ದಂಡಿಗೆ ಹುಲ್ಲು, ಜಾಲಿ, ಈಚಲ ಇತ್ತು. ಹರಿದು ಬಂದ ನೀರು ಅದರಾಗ ನಿಂತು, ಮಣ್ಣು ಬಿಟ್ಟು ಮುಂದ ಹೋಗತಿತ್ತು. ತೊಗರಿಗೆ ರೇಟ್ ಬಂತು, ಟ್ರ್ಯಾಕ್ಟರ್ ಬಂತು. ನಾನೇ ದಂಡಿ ತನಕ ಹೊಡೆಸಿದೆ. ಅಪ್ಪ ಬ್ಯಾಡ ಅಂದಿದ್ದ. ಕೇಳಲಿಲ್ಲ.

1997-98ರಾಗ ಕಾಯಿಕೊರಕ ಹೆಂಗ ತೊಗರಿ ತಿಂತು, ನಮ್ಮ ವಯಸ್ಸಿನವರಿಗೆ ನೆನಪದ. ಹೊಡೆದಿದ್ದೇ ಹೊಡೆದಿದ್ದು ಎಣ್ಣಿ. ಪಂಪ್ ತೊಳೆದದ್ದು ಎಲ್ಲಿ? ಹಳ್ಳದಾಗ. ಆ ಎಂಡೋಸಲ್ಫಾನ್ ಕಡೀಕ 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸ್ತು. ಯೂರಿಯಾ ಇನ್ನೂ ಚೆಲ್ಲಲಕತ್ತೀವಿ. ಸುಣ್ಣದ ಕಲ್ಲಿನಾಗ ಬಿರುಕು ಬಾಳ. ಮಣ್ಣಿನಾಗ ಸೋಸಿದಂಗ ಅದರಾಗ ನೀರು ಸೋಸಂಗಿಲ್ಲ. ಹಳ್ಳದಾಗ ಕೂಡಿದ್ದು ಬಾವಿಗೆ ಸೀದಾ ಇಳೀತದ. ಪಾತ್ರಿಗೆ ಹತ್ತೋ ಬಿಳಿ ಸುಣ್ಣ ಬ್ಯಾರೆ, ಅದು ಕಲ್ಲಿನದು, ಅಜ್ಜನ ಕಾಲದಾಗೂ ಇತ್ತು. ನೈಟ್ರೇಟ್ ಕಣ್ಣಿಗೆ ಕಾಣಂಗಿಲ್ಲ, ನೀರು ಕಾಸಿದ್ರೂ ಹೋಗಂಗಿಲ್ಲ. ಸಣ್ಣ ಕೂಸಿಗೆ ಹಾಲಪುಡಿ ಕಲಸೋ ಮನಿಯವರು ಬಾವಿ ನೀರು ಪರೀಕ್ಷಾ ಮಾಡಿಸ್ರಿ.

ಫರಕ್ ನೋಡ್ಬೇಕಂದ್ರ ಚಿಂಚೋಳಿ ಅಡವಿ ಕಡಿ ಹೋಗ್ರಿ. 2011ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಗಿಡದ ಬೇರು, ಉದುರಿದ ಎಲಿ ಮಣ್ಣು ಹಿಡಕೊಂಡಾವ. ಮಳಿ ನಿಂತಮ್ಯಾಲ ಅಲ್ಲಿನ ತೊರಿ ಲಗೂ ತಿಳಿ ಆಗ್ತದ. ಅದೇ ಜಿಲ್ಲಾ, ಅದೇ ಮಳಿ.

ಈ ಸಲ ನಾ ಹಳ್ಳದ ಗುಂಟ ಹತ್ತು ಫೂಟ್ ಬಿಟ್ಟೀನಿ, ಉದ್ದ ಇನ್ನೂರು ಫೂಟ್. ಹುಲ್ಲು ಹಿಡೀಲಕತ್ಯದ. ಆಚೀ ದಂಡಿ ಹೊಲದ ತಮ್ಮ ಬಂದು, ‘ಕಾಕಾ, ಲುಕ್ಸಾನ್ ಅಲ್ಲೇನು?’ ಅಂದ. ಕೂತು ಲೆಕ್ಕ ಹಾಕಿದ್ವಿ. ಎರಡು ಗುಂಟಿ ಆಸುಪಾಸು. ನಮ್ಮ ಇಳುವರಿಗೆ ಇಪ್ಪತ್ತು ಕೇಜಿ ತೊಗರಿ. ಅಂವ ಸುಮ್ಮನ ಹಳ್ಳ ನೋಡಿ, ‘ಐದು ಫೂಟ್ ಬಿಡ್ತೀನಿ ತಗೋ’ ಅಂದ.